ನಾನು ಸತ್ತದ್ದು ನಿರ್ವಿವಾದ

ಹೋದ ಬುಧವಾರ ಮಧ್ಯಾಹ್ನ ಅರಕಲಗೂಡಿನಲ್ಲಿ ನಾನು ತೀರಿಕೊಂಡೆ. ಆ ಹೊತ್ತಿಗೆ ನಾನು ಹೊಳೆನರಸೀಪುರದ ನನ್ನ ತೆಂಗಿನಕಾಯಿ ಮಂಡಿಯಲ್ಲಿ ಕಾಲು ಚಾಚಿ ಕೂತು ಹುರುಳಿಕಾಳಿನ ಉಸಲಿ ತಿನ್ನುತ್ತಿದ್ದೆ. ಉಸಲಿಗೆ ಉಪ್ಪು ಕಮ್ಮಿಯಾಗಿತ್ತು. ಅದೊಂದನ್ನು ಬಿಟ್ಟರೆ ನನಗೆ ಬೇರೆ ಯಾವ ತೊಂದರೆಯೂ ಇರಲಿಲ್ಲ.

ಗಾಬರಿಯಾಗಬೇಡಿ. ಇದನ್ನು ಬರೆಯುತ್ತಿರುವುದು ನಾನೇ. (ಇದನ್ನೂ ನಂಬದ ಮಹನೀಯರೊಬ್ಬರು ಚನ್ನರಾಯಪಟ್ಟಣದಲ್ಲಿದ್ದಾರೆ. ಅವರ ವಿಷಯಕ್ಕೇ ಬರುತ್ತಿದ್ದೇನೆ.)

ಎಲ್ಲ ಶುರುವಾದದ್ದು ಒಂದು ಕಾಗೆಯಿಂದ. ಬೆಳಿಗ್ಗೆ ಮನೆಯಂಗಳದಲ್ಲಿ ಕೊಬ್ಬರಿ ಹರವುತ್ತಿದ್ದೆ. ಎಲ್ಲಿತ್ತೋ, ಒಂದು ಕಾಗೆ ಹಾರಿಬಂತು. ಅಷ್ಟು ಕೊಬ್ಬರಿ ಕಣ್ಣೆದುರಿಗೆ ಬಿದ್ದಿದ್ದರೂ ಅದನ್ನು ಬಿಟ್ಟು ನನ್ನ ಬೋಳುತಲೆಯ ಮೇಲೆ ಕೂತಿತು. ನಾನು ಛೂ ಅಂದೆ, ಹಾರಿಹೋಯಿತು. ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಅದನ್ನು ನಮ್ಮವ್ವ ನೋಡಿಬಿಟ್ಟಿದ್ದಳು.

ನಮ್ಮ ಕಡೆಯ ನಂಬಿಕೆ ನಿಮಗೆ ಗೊತ್ತೇ ಇದೆ. ಕಾಗೆ ತಲೆಯ ಮೇಲೆ ಕೂತರೆ ಆ ಮನುಷ್ಯನಿಗೆ ಸಾವು ಹತ್ತಿರ. ಪರಿಹಾರವೂ ಉಂಟು. ಅವನು ಸತ್ತನೆಂದು ದೂರದೂರಿನ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಎದೆ ಬಡಿದುಕೊಂಡು ಅಳಬೇಕು. ಅತ್ತರೆ ದೋಷ ಕಳೆಯಿತು. ಆಮೇಲೆ, ‘ಸುಳ್ಳು ಕಣ್ರಪ್ಪಾ, ಚೆನ್ನಾಗವ್ನೆ’ ಅಂತ ಇನ್ನೊಂದು ಸುದ್ದಿ ಕಳಿಸಬೇಕು. ಯಾವ ಪುಣ್ಯಾತ್ಮ ಕಂಡುಹಿಡಿದನೋ ಈ ಔಷಧಿಯನ್ನು! ಕಾಗೆ ಕೂತದ್ದು ನನ್ನ ತಲೆ ಮೇಲೆ, ಕಷಾಯ ಕುಡಿಯಬೇಕಾದವರು ನೆಂಟರು.

ನನ್ನ ಅಕ್ಕ ಪುಟ್ಟಮ್ಮನನ್ನು ಕೊಟ್ಟಿರುವುದು ಅರಕಲಗೂಡಿಗೆ. ಬೀದಿಯ ಆ ತುದಿಗೂ ಕೇಳುವಂತೆ ಅಳುವವಳು ನಮ್ಮ ವಂಶದಲ್ಲಿ ಅವಳೊಬ್ಬಳೇ. ಅವ್ವ ಸರಿಯಾದವಳನ್ನೇ ಆರಿಸಿದಳು. ನನಗೊಂದು ಮಾತೂ ಹೇಳದೆ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನನ್ನು ಕರೆದಳು.

‘ನಮ್ ಪುಟ್ಟಮ್ಮನ ಕಿವಿಗೆ ಮಾತ್ರ ಆಕ್ಬುಡಪ್ಪಾ, ನಿನ್ ತಮ್ಮ ನಂಜುಂಡ ತೀರ್ಕಂಡ ಅಂತ. ಇನ್ಯಾರ್ಗೂ ಯೋಳ್ಬ್ಯಾಡ.’

ಹೆತ್ತ ತಾಯಿ, ಕಣ್ಣಲ್ಲಿ ಒಂದು ಹನಿ ನೀರಿಲ್ಲ, ಬಾಯಲ್ಲಿ ಎಲೆಯಡಿಕೆ ಬೇರೆ. ಅನುಮಾನ ಬರಬೇಡವೇ? ಕಂಡಕ್ಟರನಿಗೆ ಬರಲಿಲ್ಲ. ‘ದುಃಖಕ್ಕೆ ಅಜ್ಜಿ ಕಣ್ಣೀರೇ ಬತ್ತೋಗದೆ’ ಅಂದುಕೊಂಡನಂತೆ. ಇಂಥ ಹೃದಯವಂತರೆಲ್ಲ ಬಸ್ ಕಂಪನಿಗೆ ಯಾಕೆ ಸೇರುತ್ತಾರೋ ನನಗೆ ಅರ್ಥವಾಗಿಲ್ಲ.

ಬಸ್ಸಾದರೂ ಎಂಥದು? ಚನ್ನರಾಯಪಟ್ಟಣದಿಂದ ಹೊರಟು ನಮ್ಮೂರ ಮೇಲೆ ಅರಕಲಗೂಡಿಗೆ ಹೋಗುವ ಇದ್ದಿಲ ಬಸ್ಸು. ಯುದ್ಧ ಶುರುವಾಗಿ ಪೆಟ್ರೋಲು ಮಾಯವಾದ ಮೇಲೆ ಬಸ್ಸುಗಳ ಬೆನ್ನಿಗೆಲ್ಲ ಒಂದೊಂದು ಒಲೆ ಕಟ್ಟಿದ್ದಾರಲ್ಲ, ಆ ಜಾತಿಯದು. ಏರು ಬಂದರೆ ಜನ ಇಳಿದು ನಡೆಯಬೇಕು. ನಡೆಯುವಾಗ ಮಾತಾಡದೆ ಇನ್ನೇನು ಮಾಡುತ್ತಾರೆ? ಮೊದಲನೆಯ ಏರು ಹತ್ತಿ ಮುಗಿಸುವ ಹೊತ್ತಿಗೆ ನಾನು ಸತ್ತದ್ದು ಬಸ್ಸಿಗೆಲ್ಲ ಗೊತ್ತಾಗಿತ್ತು. ಎರಡನೆಯ ಏರಿನಲ್ಲಿ, ಹೇಗೆ ಸತ್ತೆ ಅನ್ನುವುದೂ ತೀರ್ಮಾನವಾಯಿತಂತೆ.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಬಸ್ಸಿನಲ್ಲಿ ಶೇಕ್ದಾರರು ಕೂತಿದ್ದರು.

ನನ್ನ ಅಕ್ಕನ ಮಗಳು ಗಿರಿಜೆ. ಅವಳಿಗೆ ಚನ್ನರಾಯಪಟ್ಟಣದ ಒಂದು ಮನೆತನದಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ಹಾಸನದಲ್ಲಿ ಸ್ಕೂಲ್ ಮೇಷ್ಟ್ರು. ಹುಡುಗನ ದೊಡ್ಡಪ್ಪ ಕಂದಾಯ ಇಲಾಖೆಯ ರಿಟೈರ್ಡ್ ಶೇಕ್ದಾರರು, ಆ ಮನೆಗೆ ಅವರದೇ ಯಜಮಾನಿಕೆ. ಲಗ್ನದ ದಿನ ನಿಶ್ಚಯ ಮಾಡಲು ಅವರು ಅವತ್ತೇ ಅರಕಲಗೂಡಿಗೆ ಹೊರಟಿದ್ದರು. ಏರಿನಲ್ಲಿ ನಡೆಯುತ್ತ, ಹುಡುಗಿಯ ಸೋದರಮಾವ ಸತ್ತ ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡರು.

ಅಕ್ಕನ ಮನೆ ಜಗಲಿ ಹತ್ತಿದವರೇ, ಅಳುತ್ತ ನೆರೆದಿದ್ದ ಹೆಂಗಸರ ಎದುರಿಗೆ ಒಂದು ಮಾತು ಹೇಳಿದರಂತೆ. ‘ಮಾತುಕತೆ ಆಗಿ ತಿಂಗಳು ತುಂಬಿಲ್ಲ, ಆಗಲೇ ಸೋದರಮಾವ ಹೋದ. ಹುಡುಗಿಯ ಕಾಲ್ಗುಣ ಎಂಥದ್ದು ಅನ್ನೋದು ಇನ್ನು ನಿರ್ವಿವಾದ.’

ಇದೇ ಪದ ನೋಡಿ. ನಿರ್ವಿವಾದ.

ಇಂಥ ಮಾತು ಹೇಳಿ ಒಬ್ಬ ದೊಡ್ಡಮನುಷ್ಯ ಗಾಡಿ ಹತ್ತಿದರೆ ಏನಾಗುತ್ತದೆ? ಈ ಸಂಬಂಧ ಹೋಗುವುದಿರಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆಯಿಂದಲೂ ಇನ್ನೊಂದು ಗಂಡು ಆ ಬಾಗಿಲಿಗೆ ಬರುವುದಿಲ್ಲ. ‘ಮಾವನ್ನ ನುಂಗಿದೋಳು’ ಅಂತ ಹೆಸರು ಬಿದ್ದರೆ ಮುಗಿಯಿತು. ಹುಡುಗಿಗೆ ಇನ್ನೂ ಹದಿನೇಳು ತುಂಬಿಲ್ಲ.

ಇತ್ತ ಅವ್ವ, ಸುದ್ದಿ ಸುಳ್ಳೆಂದು ಹೇಳಿಕಳಿಸಲು ಮಧ್ಯಾಹ್ನದ ಬಸ್ಸಿಗೆ ಕಾದು ನಿಂತಿದ್ದಾಳೆ. ಅದರ ಒಲೆ ಹೊತ್ತಿಕೊಳ್ಳಲೇ ಇಲ್ಲ. ಡ್ರೈವರು ಊದಿದ, ಕ್ಲೀನರು ತಿರುಗಿಸಿದ, ಹೊಗೆ ಬಂತೇ ಹೊರತು ಬಸ್ಸು ಅಲುಗಲಿಲ್ಲ. ಆಗ ಅವ್ವನಿಗೆ ಭಯ ಹತ್ತಿ ಮಂಡಿಗೆ ಓಡಿ ಬಂದಳು.

‘ಏನವ್ವಾ?’ ಅಂದೆ.

‘ಏನಿಲ್ಲ ಕಣ್ಲಾ. ನೀನು ತೀರ್ಕಂಡೆ ಅಂತ ಪುಟ್ಟಮ್ಮಂಗೆ ಯೋಳ್ಕಳ್ಸಿದ್ದೆ. ಇಲ್ಲ ಅಂತ ಯೋಳ್ಕಳ್ಸಾಕೆ ಬಸ್ಸು ಓಯ್ತಿಲ್ಲ.’

ಉಸಲಿ ಗಂಟಲಲ್ಲಿ ಸಿಕ್ಕಿಕೊಂಡಿತು. ಆಗಲೇ ನಿಜವಾಗಿ ಹೋಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಭತ್ತದ ಮೂಟೆ ಹೇರಿಕೊಂಡು ಅರಕಲಗೂಡಿಗೆ ಹೊರಟಿದ್ದ ಒಂದು ಲಾರಿಯವನ ಕೈಕಾಲು ಹಿಡಿದೆವು. ಅವ್ವ ಮುಂದೆ ಡ್ರೈವರನ ಪಕ್ಕ, ನಾನು ಹಿಂದೆ ಮೂಟೆಗಳ ಮೇಲೆ. ದಾರಿಯುದ್ದಕ್ಕೂ ಅವ್ವನಿಗೆ ಬಯ್ಯುತ್ತಲೇ ಇದ್ದೆ. ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಅಷ್ಟೇ.

ನಾವು ಹೋಗಿ ಇಳಿದಾಗ ಹೊತ್ತು ಇಳಿದಿತ್ತು. ಅಕ್ಕನ ಮನೆ ಮುಂದೆ ಎತ್ತಿನಗಾಡಿ ಕಟ್ಟಿ ನಿಲ್ಲಿಸಿದ್ದರು, ನನ್ನ ಮಣ್ಣಿಗೆ ಹೊರಡಲು. ಅಕ್ಕ ನನ್ನನ್ನು ನೋಡಿದಳು. ಅಳು ನಿಂತಿತು. ಆಮೇಲೆ ಇನ್ನೂ ಜೋರಾಗಿ ಶುರುವಾಯಿತು. ನನ್ನ ಮೈಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿ, ಕೆನ್ನೆಗೊಂದು ಏಟು ಹಾಕಿ, ತಬ್ಬಿಕೊಂಡು, ಅವ್ವನ ಕಡೆ ತಿರುಗಿದಳು.

‘ಯಾಕವ್ವಾ, ನನ್ ಪ್ರಾಣ ತೆಗೀಬೇಕು ಅಂತಿದ್ಯಾ?’

‘ನೀನು ಅಂಗೆ ಅತ್ತಿದ್ದೇ ಒಳ್ಳೇದಾಯ್ತು ಬುಡು. ಇನ್ನು ನನ್ ಮಗುಂಗೆ ಏನೂ ಆಗಾಕಿಲ್ಲ’ ಅಂದಳು ಅವ್ವ, ತೃಪ್ತಿಯಿಂದ.

ಇಲ್ಲಿಗೆ ಮುಗಿಯಬೇಕಿತ್ತು, ಅಲ್ಲವೇ? ಸತ್ತವನೇ ಬಂದು ಅಂಗಳದಲ್ಲಿ ನಿಂತ ಮೇಲೆ ಇನ್ನೇನು ಉಳಿಯಿತು? ನಾನೂ ಹಾಗೇ ಅಂದುಕೊಂಡು, ವಾಪಸು ಬಸ್ಸಿಲ್ಲದೆ ಇನ್ನೂ ಜಗಲಿಯ ಮೇಲೇ ಕೂತಿದ್ದ ಶೇಕ್ದಾರರಿಗೆ ಕೈಮುಗಿದೆ. ‘ಕ್ಷಮಿಸಬೇಕು ಸ್ವಾಮಿ, ಹೆಂಗಸರ ನಂಬಿಕೆಯಿಂದ ಎಡವಟ್ಟಾಯಿತು’ ಎಂದು ಕಾಗೆಯ ಕಥೆಯನ್ನೆಲ್ಲ ಹೇಳಿದೆ.

ಅವರು ಕಾಫಿ ಲೋಟ ಕೆಳಗಿಟ್ಟರು. ಶಲ್ಯ ಸರಿಮಾಡಿಕೊಂಡರು. ಸರ್ವಿಸ್ ಪೂರ್ತಿ ಮಹಜರು ಓದಿದ ಗಂಟಲನ್ನು ಸರಿಮಾಡಿಕೊಂಡರು.

‘ಸುದ್ದಿ ಬಂದದ್ದು ನಿರ್ವಿವಾದ’ ಎಂದರು.

‘ಸುದ್ದಿ ಸುಳ್ಳು ಸ್ವಾಮಿ. ಇಗೋ, ನಾನೇ ನಿಂತಿದ್ದೀನಲ್ಲ.’

‘ತಾವು ನಿಂತಿದ್ದೀರಿ, ಸರಿ. ಆದರೆ ತಾವು ಯಾರು ಅನ್ನೋದು ಬೇರೆ ಪ್ರಶ್ನೆ.’

ನನ್ನ ದುರದೃಷ್ಟ, ಮೊದಲ ಮಾತುಕತೆಯ ದಿನ ನಾನು ಕೊಬ್ಬರಿ ವ್ಯಾಪಾರಕ್ಕೆಂದು ತಿಪಟೂರಿಗೆ ಹೋಗಿದ್ದೆ. ಅವರು ನನ್ನನ್ನು ಕಂಡವರಲ್ಲ.

‘ಹುಡುಗಿಯ ಸಂಬಂಧ ತಪ್ಪಿ ಹೋಗುತ್ತೆ ಅಂತ, ಸತ್ತವರ ಜಾಗಕ್ಕೆ ಇನ್ಯಾರನ್ನೋ ತಂದು ನಿಲ್ಲಿಸಿರಬಹುದಲ್ಲ. ಇವರು ನಿಲ್ಲಿಸಿದ್ದಾರೆ ಅಂತ ನಾನು ಹೇಳ್ತಿಲ್ಲ. ನಿಲ್ಲಿಸಬಹುದು ಅನ್ನೋದು ನಿರ್ವಿವಾದ.’

ನನ್ನ ಜಾಗಕ್ಕೆ ಇನ್ಯಾರನ್ನೋ! ಈ ಹೊಟ್ಟೆಯನ್ನೂ ಈ ಬೋಳುತಲೆಯನ್ನೂ ಹೊಂದಿಸಿಕೊಂಡು ಇನ್ನೊಬ್ಬ ಸಿಗುವಂತಿದ್ದರೆ ಅವನನ್ನು ಮಂಡಿಯಲ್ಲಿ ಕೂರಿಸಿ ನಾನು ಮನೆಯಲ್ಲಿ ಮಲಗುತ್ತಿರಲಿಲ್ಲವೇ?

ಸಿಟ್ಟು ನೆತ್ತಿಗೇರಿತು. ಆದರೆ ಬಾಗಿಲ ಹಿಂದೆ ಗಿರಿಜೆ ನಿಂತಿದ್ದಳು. ನುಂಗಿಕೊಂಡೆ. ಅಷ್ಟರಲ್ಲಿ ಭಾವ ಓಡಿಹೋಗಿ, ರಾತ್ರಿಗೆ ಬಸ್ಸಿನ ಜೊತೆ ಅಲ್ಲೇ ತಂಗಿದ್ದ ಕಂಡಕ್ಟರನನ್ನು ಎಳೆದು ತಂದರು. ಅವನು ನನ್ನನ್ನು ದಿನಾ ನೋಡುವವನು. ನನ್ನನ್ನು ಕಂಡು ಹೌಹಾರಿ, ‘ನಂಜುಂಡಪ್ನೋರೇ ಸಾ, ಅವ್ರೇ’ ಅಂದ.

‘ಇವರು ತೀರಿಕೊಂಡರು ಅಂತ ನಿನಗೆ ಹೇಳಿದ್ದು ಯಾರು?’ ಎಂದರು ಶೇಕ್ದಾರರು.

‘ಇವ್ರ ಅವ್ವಾರೇ ಸಾ.’

‘ನೋಡಿ! ಹೆತ್ತ ತಾಯಿ ಹೇಳಿಕೆ. ಅದಕ್ಕಿಂತ ದೊಡ್ಡ ಸಾಕ್ಷಿ ಉಂಟೆ?’

ಅವ್ವ ಸುಮ್ಮನಿರುತ್ತಾಳೆಯೇ? ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ‘ಊಂ, ಸುಳ್ಳು ಯೋಳ್ದೆ, ಏನೀಗ? ನನ್ ಮಗ ಉಳ್ಕಳ್ಲಿ ಅಂತ ಯೋಳ್ದೆ. ಈಗ ದಿಟ ಯೋಳ್ತಾವ್ನಿ, ಇವ್ನೇ ನನ್ ಮಗ!’

‘ಬೆಳಿಗ್ಗೆ ಸುಳ್ಳು ಹೇಳಿದವರು ಸಂಜೆಗೆ ನಿಜ ಹೇಳುತ್ತಾರೆ ಅಂತ ಯಾವ ಆಧಾರದ ಮೇಲೆ ನಂಬೋದು, ತಾಯಿ?’

ಅವ್ವನ ಬಾಯಿ ಕಟ್ಟಿದ್ದನ್ನು ನಾನು ನನ್ನ ಜೀವಮಾನದಲ್ಲೇ ಮೊದಲ ಸಲ ನೋಡಿದೆ. (ಸುಳ್ಳೇಕೆ, ಆ ಒಂದು ಕ್ಷಣ ಶೇಕ್ದಾರರ ಮೇಲೆ ಗೌರವ ಬಂತು.)

ಈಗ ನೀವೇ ಹೇಳಿ, ಏನು ಈ ಪದದ ಅರ್ಥ? ಯಾರೂ ಅಲ್ಲಗಳೆಯಲಾಗದ್ದು, ವಾದಕ್ಕೆ ಎಡೆಯೇ ಇಲ್ಲದ್ದು, ಅಷ್ಟೇ ತಾನೆ? ಹಾಗಿದ್ದರೆ ಅದಕ್ಕೆ ಇಷ್ಟು ಕೆಲಸ ಎಲ್ಲಿಂದ ಬಂತು? ಹೊತ್ತು ಹುಟ್ಟಿದ್ದು ನಿರ್ವಿವಾದ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಬೆಂಕಿ ಸುಡುವುದು ನಿರ್ವಿವಾದ ಅಂತ? ಕೈ ಸುಟ್ಟುಕೊಂಡವನು ‘ಅಯ್ಯಪ್ಪಾ’ ಅನ್ನುತ್ತಾನೆ. ನಿಜವಾಗಿ ಅಲ್ಲಗಳೆಯಲಾಗದ ಸಂಗತಿಗಳಿಗೆ ಈ ಪದದ ಹಂಗೇ ಇಲ್ಲ. ಎಲ್ಲಿ ಎದುರಿಗಿದ್ದವನು ಬಾಯಿ ತೆರೆಯಲು ಹೊರಟಿದ್ದಾನೋ ಅಲ್ಲಿ ಸರಿಯಾಗಿ ಬಂದು ಕೂರುತ್ತದೆ.

ಯೋಚನೆ ಮಾಡಿ ನೋಡಿ. ಸೀಮೆಎಣ್ಣೆ ಕಮಿಟಿಯ ಮೀಟಿಂಗಿನಲ್ಲಿ, ಎಲ್ಲರಿಗೂ ಸರಿಯಾಗಿ ಹಂಚಿದ್ದೇವೆ ಅನ್ನುವುದು ನಿರ್ವಿವಾದ ಅನ್ನುತ್ತಾರೆ. ಹೇಳಿದವರ ಮನೆಯಲ್ಲಿ ಮಾತ್ರ ಎರಡು ಲಾಂದ್ರ ಉರಿಯುತ್ತಿರುತ್ತವೆ. ಸ್ಕೂಲಿನ ಸಭೆಯಲ್ಲಿ, ಹೆಣ್ಣುಮಕ್ಕಳಿಗೆ ಮಿಡ್ಲ್ ಸ್ಕೂಲು ಸಾಕು ಅನ್ನುವುದು ನಿರ್ವಿವಾದ ಅನ್ನುತ್ತಾರೆ. ಯಾವ ಹೆಣ್ಣುಮಗಳನ್ನು ಕೇಳಿದರು? ಜಗಳ ತೀರಿಸಲಾಗದವರು, ಜಗಳವೇ ಇಲ್ಲ ಅನ್ನುವುದಕ್ಕೆ ಇಟ್ಟುಕೊಂಡಿರುವ ಪದ ಇದು. ಹೇಳಿದವನ ಶಲ್ಯ ಎಷ್ಟು ಬೆಳ್ಳಗಿದೆಯೋ ಮಾತು ಅಷ್ಟು ನಿರ್ವಿವಾದ.

ಇರಲಿ, ಜಗಲಿಗೆ ಬರೋಣ.

ಅಕ್ಕಪಕ್ಕದವರೆಲ್ಲ ಬಂದು ನಾನು ನಾನೇ ಎಂದು ಆಣೆ ಮಾಡಿದರು. ಅರಕಲಗೂಡಿನ ಅರ್ಧ ಬೀದಿ ಒಂದೇ ಸಮನೆ ಕೂಗಾಡಿದ ಮೇಲೆ ಶೇಕ್ದಾರರು ಸ್ವಲ್ಪ ಮೆತ್ತಗಾದರು. ಇವರು ನಂಜುಂಡಪ್ಪನವರೇ ಇರಬಹುದು ಅನ್ನುವವರೆಗೆ ಬಂದರು. ಅಕ್ಕನ ಮುಖದಲ್ಲಿ ಜೀವ ಬಂತು. ಇನ್ನೊಂದು ಸುತ್ತು ಕಾಫಿ ಬಂತು.

‘ಆದರೂ ಅಪಶಕುನ ಅಪಶಕುನವೇ’ ಎಂದರು ಅವರು, ಕಾಫಿ ಹೀರುತ್ತ. ‘ಸಾವಿನ ಸುದ್ದಿ ಬಂದದ್ದು, ಈ ಮನೆಯಲ್ಲಿ ಅತ್ತದ್ದು, ನಾಲ್ಕು ಜನ ಕೇಳಿದ್ದು, ಇದ್ಯಾವುದನ್ನೂ ಇಲ್ಲ ಅನ್ನೋಕಾಗಲ್ಲ. ನಮ್ಮ ಕಡೆಯವರೂ ಕೇಳಿಬಿಟ್ಟಿರ್ತಾರೆ. ಈಗ ಬದುಕಿದ್ದಾರೆ ಅಂತ ನಾನು ಹೋಗಿ ಹೇಳಿದರೆ, ಹಾಗಾದರೆ ಕಾಲ್ಗುಣದ ಬಗ್ಗೆ ನೀವು ಮೊದಲು ಹೇಳಿದ್ದು ಸುಳ್ಳೋ ಅಂತಾರೆ. ನನ್ನ ಮಾತು ಹೋಗುತ್ತೆ.’

‘ಮತ್ತೆ ಏನು ಮಾಡೋಣ, ಅಪ್ಪಣೆಯಾಗಲಿ’ ಎಂದರು ಭಾವ.

‘ಒಂದು ದಾರಿ ಇದೆ. ಮದುವೆ ನಡೆಯಲಿ. ಆದರೆ ಇವರು ಬರೋದು ಬೇಡ. ಹುಡುಗಿಯನ್ನ ಹಸೆಗೆ ಕರೆತರೋದಕ್ಕೆ ಬೇರೆ ಯಾರಾದರೂ ನಿಲ್ಲಲಿ. ಸೋದರಮಾವ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಸಾವು ಸಾವಾಗೇ ಇರಲಿ, ಶಾಂತಿ ಮಾಡಿಸಿದರಾಯಿತು. ಆಮೇಲೆ ಒಂದೆರಡು ವರ್ಷ ಇವರು ಚನ್ನರಾಯಪಟ್ಟಣದ ಕಡೆ ಬರದಿದ್ದರೆ, ಕ್ರಮೇಣ ಜನವೂ ಮರೀತಾರೆ.’

ಕೇಳಿದಿರಾ? ಮಾತು ಉಳಿಸಿಕೊಳ್ಳಲು ಅವರು ನನ್ನನ್ನು ಸತ್ತವನಾಗಿಯೇ ಇರು ಅನ್ನುತ್ತಿದ್ದಾರೆ! ಕಣ್ಣೆದುರಿಗೆ ಕೂತು ಅವರದೇ ತಟ್ಟೆಯಿಂದ ಕೋಡುಬಳೆ ತೆಗೆದು ತಿನ್ನುತ್ತಿರುವ ಮನುಷ್ಯನಿಗೆ!

ನಾನು ಎದ್ದು ನಿಂತೆ. ಬಯ್ಯಲು ಬಾಯಿ ತೆರೆದೆ. ಆಗ ಅಕ್ಕ ನನ್ನ ತೋಳು ಹಿಡಿದಳು. ಗಳಿಗೆ ಹಿಂದೆ ನಾನು ಬದುಕಿದ್ದೇನೆಂದು ತಬ್ಬಿಕೊಂಡು ಅತ್ತ ಅದೇ ಅಕ್ಕ.

‘ಒಪ್ಕಳೋ ನಂಜುಂಡಾ’ ಅಂದಳು, ಮೆಲ್ಲಗೆ. ‘ನೀನು ಎಲ್ಲೂ ಓಗಾಕಿಲ್ವಲ್ಲಾ. ಮಗಿ ಮದುವೆ ಆಗ್ಲಿ. ಇಲ್ದಿದ್ರೆ ಇವ್ಳನ್ನ ಯಾರ್ ಮಾಡ್ಕಂಡಾರು?’

ಭಾವ ನೆಲ ನೋಡುತ್ತಿದ್ದರು. ಅವ್ವ ಕೂಡ ಸೆರಗು ಬಿಚ್ಚಿ ಕಣ್ಣೊರೆಸಿಕೊಂಡಳು. ಅವತ್ತಿಡೀ ದಿನ ನನಗಾಗಿ ಅವಳು ಹಾಕಿದ ಮೊದಲ ಕಣ್ಣೀರು ಅದು.

ಏನು ಮಾಡಲಿ ಹೇಳಿ? ಆ ಹುಡುಗಿಯನ್ನು ನಾನು ಎತ್ತಿ ಆಡಿಸಿದ್ದೇನೆ. ನನ್ನ ಹೆಗಲ ಮೇಲೆ ಕೂತು ಹೇಮಾವತಿ ಹೊಳೆ ನೋಡಿದ ಹುಡುಗಿ. ಅವಳನ್ನು ಹಸೆಗೆ ಕರೆತರುವುದು ನನ್ನ ಹಕ್ಕು. ಆ ಹಕ್ಕು ಹಿಡಿದು ಕೂತರೆ ಅವಳಿಗೆ ಹಸೆಯೇ ಇಲ್ಲ. ಕೂತುಕೊಂಡೆ.

‘ಆಗಲಿ ಸ್ವಾಮಿ. ನಾನು ಇಲ್ಲ ಅಂತಲೇ ಇಟ್ಟುಕೊಳ್ಳಿ’ ಎಂದೆ.

ಶೇಕ್ದಾರರು ತಲೆದೂಗಿದರು. ‘ವಿವೇಕಿಗಳು ತಾವು. ಇನ್ನು ನಿರ್ವಿವಾದ.’

ಆಗ ಗಿರಿಜೆ ಬಾಗಿಲು ದಾಟಿ ಹೊರಗೆ ಬಂದಳು. ಕಣ್ಣು ಕೆಂಪಗೆ ಊದಿಕೊಂಡಿತ್ತು. ಮಧ್ಯಾಹ್ನದಿಂದ ನನಗಾಗಿ ಅತ್ತ ಕಣ್ಣು. ಅವಳು ಶೇಕ್ದಾರರ ಕಡೆ ನೋಡಲಿಲ್ಲ. ನೇರ ನನ್ನ ಮುಂದೆ ಬಂದು ನಿಂತಳು.

‘ಮಾವ, ಎದುರಿಗೆ ಕೂತು ಮಾತಾಡ್ತಿರೋ ನಿನ್ನನ್ನೇ ಇಲ್ಲ ಅಂದ್ಬುಟ್ರು, ನೀನೂ ಒಪ್ಕಂಡೆ. ನಾಳೆ ಆ ಮನೇಲಿ ನಂಗೆ ಹಸಿವಾಯ್ತಾ ಅದೆ ಅಂದ್ರೆ, ಇಲ್ಲ ಅಂತಾರೆ. ಹೊಡೀತಾವ್ರೆ ಅಂದ್ರೆ, ಇಲ್ಲ ಅಂತಾರೆ. ಆಗ ನಾನೂ ಒಪ್ಕಬೇಕಾ?’

ಗಾಡಿಯ ಎತ್ತು ಕೊರಳಾಡಿಸಿದ್ದು ಕೇಳಿಸಿತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

‘ನಂಗೆ ಈ ಮದುವೆ ಬ್ಯಾಡ ಅಪ್ಪಯ್ಯಾ’ ಅಂದಳು. ಒಳಗೆ ಹೋದಳು.

ಭಾವ ನಿಧಾನಕ್ಕೆ ತಲೆಯೆತ್ತಿದರು. ಅವರು ಜೋರು ಮಾತಿನವರಲ್ಲ. ಜೀವಮಾನವಿಡೀ ಅಪ್ಪಣೆಯಾಗಲಿ ಎಂದೇ ಬಾಳಿದವರು. ‘ಶೇಕ್ದಾರ್ರೇ, ಗಾಡಿ ಕಟ್ಟಿದ್ದು ಕಟ್ಟಿದಂಗೇ ಅದೆ. ನಮ್ಮ ಆಳು ನಿಮ್ಮನ್ನ ಛತ್ರಕ್ಕೆ ಬುಟ್ಟು ಬತ್ತಾನೆ. ಬೆಳಿಗ್ಗೆ ಬಸ್ಸದೆ’ ಎಂದರು.

ಶೇಕ್ದಾರರು ಶಲ್ಯ ಕೊಡವಿ ಹೊದ್ದುಕೊಂಡು ಹೊರಟರು.

ಇದಾಗಿ ವಾರವಾಯಿತು. ಮಂಡಿಗೆ ಬಂದವರೆಲ್ಲ ಕೇಳುತ್ತಾರೆ, ಅಷ್ಟು ಒಳ್ಳೆ ಸಂಬಂಧ ಯಾಕೆ ತಪ್ಪಿತು ಅಂತ. ನಾನೂ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಗಿರಿಜೆಯ ಮಾತಿಗೆ ಬಂದಾಗ ತಲೆದೂಗುತ್ತಾರೆ, ನಾಲಿಗೆ ಲೊಚಗುಟ್ಟುತ್ತಾರೆ. ಕಾಯಿ ಕೊಳ್ಳಲು ಬಂದವರು, ಮಾರಲು ಬಂದವರು, ಲೆಕ್ಕದಲ್ಲಿ ಒಂದು ದಿನವೂ ಒಪ್ಪದವರು, ಈ ಒಂದು ಮಾತಿನಲ್ಲಿ ಒಮ್ಮತಕ್ಕೆ ಬಂದಿದ್ದಾರೆ.

‘ಹುಡುಗಿ ಅಂದದ್ದೇನೋ ಸರಿ ಕಣ್ರೀ ನಂಜುಂಡಪ್ಪ. ಆದರೆ ಹುಡುಗಿ ಅನ್ನಬಾರದಿತ್ತು.’

ಮತ್ತೆ ಇನ್ಯಾರು ಅನ್ನಬೇಕಿತ್ತು ಸ್ವಾಮಿ, ಸಾಯಲು ಒಪ್ಪಿಕೊಂಡು ಕೂತಿದ್ದ ನಾನೇ?